ಅಳುವ ಹುಡುಗಿ, ಹತ್ತು ಸೆಂಟಿನ ಪುಸ್ತಕ

ಹಳೆಯ ಅಮೆರಿಕನ್ ರೊಮ್ಯಾನ್ಸ್ ಕಾಮಿಕ್ಸ್ ಓದುವುದು ನನಗೊಂದು ಚಟ. 1947ರಲ್ಲಿ ಜೋ ಸೈಮನ್, ಜಾಕ್ ಕರ್ಬಿ ಸೇರಿ 'ಯಂಗ್ ರೊಮ್ಯಾನ್ಸ್' ಶುರು ಮಾಡಿದರು. ಸೂಪರ್‌ಹೀರೋ ಕ್ಯಾಪ್ಟನ್ ಅಮೆರಿಕಾನನ್ನು ಹುಟ್ಟುಹಾಕಿದ ಅದೇ ಜೋಡಿ! ಬೆಲೆ 10 ಸೆಂಟ್. ಕಥೆ ಹೆಚ್ಚಾಗಿ ಹುಡುಗಿಯ ಬಾಯಲ್ಲೇ, 'ನಾನು ಹೀಗೆ ಮಾಡಿಬಿಟ್ಟೆ' ಅನ್ನುವ ಧಾಟಿಯಲ್ಲಿ ಸಾಗುತ್ತದೆ. ಬರೆದವರು ಮಾತ್ರ ಬಹುತೇಕ ಗಂಡಸರು.

ಇಕ್ಕಟ್ಟುಗಳೂ ಅವವೇ. ಪಕ್ಕದ ಮನೆಯ ಸಾಧು ಹುಡುಗನಾ, ಕಾರಿನಲ್ಲಿ ಬರುವ ಶೋಕಿಲಾಲನಾ? ಕೆಲಸ ಬಿಡಬೇಕಾ, ಅವನನ್ನು ಬಿಡಬೇಕಾ?

1954ರಲ್ಲಿ ಕಾಮಿಕ್ಸ್ ಕೋಡ್, ಅಂದರೆ ಕಾಮಿಕ್ಸ್ ಪ್ರಕಾಶಕರು ತಮಗೆ ತಾವೇ ಹಾಕಿಕೊಂಡ ನಿಯಮಾವಳಿ, ಬಂತು. ಪ್ರೇಮಕಥೆಗಳು ಮನೆ-ಸಂಸಾರದ ಮಹತ್ವವನ್ನೂ ಮದುವೆಯ ಪಾವಿತ್ರ್ಯವನ್ನೂ ಎತ್ತಿಹಿಡಿಯಬೇಕು, ವಿಚ್ಛೇದನವನ್ನು ತಮಾಷೆ ಮಾಡಬಾರದು, ಅದು ಬೇಕಾದದ್ದು ಅಂತಲೂ ತೋರಿಸಬಾರದು ಅನ್ನುವ ನಿಯಮ. ಹಾಗಾಗಿ ಅವಳು ಎಷ್ಟೇ ಒದ್ದಾಡಿದರೂ ಕೊನೆಯ ಚಿತ್ರ ಬರುವಷ್ಟರಲ್ಲಿ ಕಣ್ಣೊರೆಸಿಕೊಂಡು ಯಾರದಾದರೂ ತೋಳಿನಲ್ಲಿ ಇರಲೇಬೇಕು.

ನನಗೆ ಸಿಟ್ಟು ಬರುವುದು ಇಲ್ಲೇ. ಪ್ರಶ್ನೆಯನ್ನು ಪುಟಗಟ್ಟಲೆ ಅಷ್ಟು ಚೆನ್ನಾಗಿ ಬೆಳೆಸಿ, ಉತ್ತರವನ್ನು ಎರಡೇ ಚಿತ್ರದಲ್ಲಿ ಸುಮ್ನೆ ಮುಗಿಸಿಬಿಡುತ್ತಾರೆ. ಅವಳು ಬಿಟ್ಟ ಆ ಕೆಲಸದ ಬಗ್ಗೆ ಇನ್ನೊಂದೆರಡು ಸಾಲು ಜಾಸ್ತಿ ಬರೆದಿದ್ದರೆ ಏನು ಗಂಟು ಹೋಗುತ್ತಿತ್ತು?