ಹೆಬ್ಬೆರಳಿನ ಅವಸರ

ಮೇ ತಿಂಗಳಿಡೀ, ಡಲ್ಲಾಸಿನ ಬಿಸಿಲು ಇಳಿಯುವ ಹೊತ್ತಿಗೆ ನಾನೂ ಮಗನೂ ಮನೆ ಹತ್ತಿರದ ಪಾರ್ಕಿಗೆ ಹೋಗುತ್ತಿದ್ದೆವು. ಟೇಪ್ ಹಿಡಿದು 40 ಗಜ ಅಳೆದು ಎರಡೂ ತುದಿಗೆ ಕೋನ್ ಇಡುತ್ತಿದ್ದೆ. ಅವನು ಓಡುತ್ತಿದ್ದ, ನಾನು ಸ್ಟಾಪ್‌ವಾಚ್ ಒತ್ತುತ್ತಿದ್ದೆ. ಜೂನ್‌ನಲ್ಲಿ ಅವನಿಗೆ ಕಾಲೇಜೊಂದರ ಫುಟ್‌ಬಾಲ್ ಕ್ಯಾಂಪ್ ಇತ್ತು. ಅಮೆರಿಕದ ಫುಟ್‌ಬಾಲ್, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ.

ಈ ದೇಶದಲ್ಲಿ ಸುಮಾರು 10 ಲಕ್ಷ ಹುಡುಗರು ಹೈಸ್ಕೂಲಿನಲ್ಲಿ ಇದನ್ನು ಆಡುತ್ತಾರೆ. ಕಾಲೇಜು ತಂಡ ಸೇರುವವರು ನೂರಕ್ಕೆ ಏಳೆಂಟು ಮಂದಿ. ಹಾಗಾಗಿ ಕ್ಯಾಂಪಿನಲ್ಲಿ ಕೋಚುಗಳ ಕಣ್ಣಿಗೆ ಬೀಳಲೇಬೇಕು.

ನನ್ನ ಮಗ ಕಾರ್ನರ್‌ಬ್ಯಾಕ್. ಎಸೆದ ಚೆಂಡು ಹಿಡಿಯಲು ಓಡುವ ಎದುರಾಳಿ ರಿಸೀವರ್‌ಗೆ ಅದು ಸಿಗದಂತೆ ಕಾಯುವವನು. ಹಿಂದಕ್ಕೆ ಓಡುತ್ತಲೇ ಆ ರಿಸೀವರ್ ಎತ್ತ ತಿರುಗುತ್ತಾನೆಂದು ಅಂದಾಜು ಮಾಡಬೇಕು. ಆಟದ ನಿಯಮ ನನಗೆ ಪೂರ್ತಿ ಗೊತ್ತಿರಲಿಲ್ಲ, ಆದರೆ ಮಂಡ್ಯದ ಶಾಲೆಯಲ್ಲಿ ಕಬಡ್ಡಿಯಲ್ಲಿ ನಾನೂ ಕಾರ್ನರ್ ಆಡಿದವನು. "ಕೈ ನೋಡಬೇಡ, ಸೊಂಟ ನೋಡು" ಎಂದು ನಮ್ಮ ಪಿ.ಟಿ. ಮೇಷ್ಟ್ರು ಹೇಳಿಕೊಟ್ಟಿದ್ದರು. ಮಗನಿಗೆ ಅದನ್ನೇ ಹೇಳಿದೆ. ಮರುದಿನ ಬಂದು, "ಅಪ್ಪ, ಕೋಚೂ ಅದನ್ನೇ ಹೇಳ್ತಾರೆ!" ಅಂದ. ಆ ಸಂಜೆ ಎಷ್ಟು ಸಂತೋಷವಾಯಿತೆಂದರೆ ರಾತ್ರಿ ಊರಿಗೆ ಫೋನ್ ಮಾಡಿ ಅಣ್ಣನಿಗೂ ಹೇಳಿದೆ.

ತಿಂಗಳ ಕೊನೆಗೆ ನನ್ನ ವಾಚಿನಲ್ಲಿ 4.68 ಸೆಕೆಂಡು ಬಂತು. ಅವನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು ಸುತ್ತ ಗೆರೆ ಎಳೆದ.

ಕ್ಯಾಂಪಿನ ದಿನ ಬೆಳಗ್ಗೆ ಎರಡು ಇಡ್ಲಿ, ಒಂದು ಬಾಳೆಹಣ್ಣು ತಿಂದ. ಅಂಗಿಗೆ ನಂಬರ್ ಅಂಟಿಸಿದರು. ಅಲ್ಲಿ ಸಮಯ ಅಳೆಯುವುದು ಲೇಸರ್. ಬಂದದ್ದು 4.91.

ಬೇಲಿಯ ಹೊರಗೆ ನಿಂತಿದ್ದ ನನಗೆ ಹೊಟ್ಟೆಯಲ್ಲಿ ಸಂಕಟ. ಕೈಯಲ್ಲಿ ಅಳೆದರೆ ಸಾಮಾನ್ಯವಾಗಿ ಎರಡು ಹತ್ತಾಂಶ ಸೆಕೆಂಡು ಕಡಿಮೆಯೇ ಬರುತ್ತದೆಂದು ಪಕ್ಕದಲ್ಲಿದ್ದ ಒಬ್ಬ ತಂದೆ ವಿವರಿಸಿದರು. ಓಟ ಶುರುವಾದದ್ದನ್ನು ಕಂಡ ಮೇಲೆ ಬೆರಳು ಒತ್ತುತ್ತದೆ, ಮುಗಿಯುವುದನ್ನೋ ಮೊದಲೇ ಊಹಿಸಿಬಿಡುತ್ತದೆ. ಮಗ ಹತ್ತಿರ ಬರುತ್ತಿದ್ದಂತೆ ನನ್ನ ಹೆಬ್ಬೆರಳಿಗೆ ಇನ್ನಷ್ಟು ಅವಸರವಿತ್ತೆಂದು ನನಗೆ ಗೊತ್ತು.

ಮಧ್ಯಾಹ್ನ ಒಬ್ಬರಿಗೊಬ್ಬರು ಎದುರಾಗುವ ಆಟ. ಮೊದಲ ಸಲ ಎತ್ತರದ ಹುಡುಗನೊಬ್ಬ ಇವನನ್ನು ದಾಟಿ ಚೆಂಡು ಹಿಡಿದ. ಇವನು ಸಾಲಿನ ಹಿಂದಕ್ಕೆ ಹೋಗಲಿಲ್ಲ. ಅದೇ ಹುಡುಗನನ್ನೇ ಮತ್ತೆ ಕೇಳಿ ನಿಂತ, ಈ ಸಲ ಚೆಂಡನ್ನು ತಟ್ಟಿ ಬೀಳಿಸಿದ. ಕೋಚೊಬ್ಬರು ಹತ್ತಿರ ಕರೆದು ಹೆಸರು ಬರೆದುಕೊಂಡು, ಕೇಳಿದ ಮೊದಲ ಪ್ರಶ್ನೆ ಅಂಕಗಳದ್ದು. ಕಾಲೇಜು ಕ್ರೀಡೆಯ ಅತಿ ಮೇಲಿನ ದರ್ಜೆಯಾದ ಡಿವಿಷನ್ 1ರಲ್ಲಿ ಆಡಲು ಹೈಸ್ಕೂಲಿನ 16 ಮುಖ್ಯ ಕೋರ್ಸುಗಳು, ಅವುಗಳಲ್ಲಿ 4ಕ್ಕೆ ಕನಿಷ್ಠ 2.3 ಸರಾಸರಿ ಬೇಕು. ಅಂಕಪಟ್ಟಿಯ ಪ್ರತಿ ಅವನ ಚೀಲದಲ್ಲೇ ಇತ್ತು. ಅದನ್ನು ಇಟ್ಟವಳು ಅವನ ಅಮ್ಮ.

ವಾಪಸ್ ಬರುವಾಗ ಕಾರಿನಲ್ಲಿ ಬಹಳ ಹೊತ್ತು ಮಾತಿಲ್ಲ. "ನನ್ನ ಲೆಕ್ಕ ತಪ್ಪಿತ್ತು ಕಣೋ" ಅಂದೆ.

"ನಾಳೆಯಿಂದ ವಾಚ್ ಬೇಡ ಅಪ್ಪ, ಫೋನಲ್ಲಿ ವಿಡಿಯೊ ಮಾಡು. ಫ್ರೇಮ್ ಎಣಿಸೋಣ."

ಮನೆಗೆ ಬಂದು ನೋಟ್‌ಬುಕ್ ತೆರೆದ. ಹಳೆಯ 4.68ರ ಪಕ್ಕದಲ್ಲಿ 'ಅಪ್ಪನ ಕೈ' ಎಂದು ಬರೆದು, ಹೊಸ ಪುಟದ ಮೇಲ್ತುದಿಯಲ್ಲಿ 4.91 ಎಂದು ಬರೆದ.