1940ರ ದಶಕದ ಜಾಕೆಟ್: ತೋಳಿನವರೆಗೆ ಬಂತು

ಬೆಂಗಳೂರಿಗೆ ಉಣ್ಣೆ ಜಾಕೆಟ್ ಯಾಕೆ ಅಂತ ಕೇಳಬೇಡಿ. ಡಿಸೆಂಬರಲ್ಲಿ ಬೆಳಗಿನ ಮೊದಲ ಬಸ್ಸು ಹಿಡಿಯುವವರಿಗೆ ಗೊತ್ತಿದೆ.

ಹೊಲಿಯುತ್ತಿರುವುದು 1940ರ ದಶಕದ ಅಮೆರಿಕನ್ ಮಾದರಿ. ಭುಜ ಚೌಕ, ಸೊಂಟ ಬಿಗಿ, ಅದರ ಕೆಳಗೆ ಸ್ವಲ್ಪ ಅಗಲ, ಮುಂದೆ ನಾಲ್ಕು ದೊಡ್ಡ ಗುಂಡಿ. ಆ ಕಾಲದ ಜಾಕೆಟ್ಟುಗಳು ಅಷ್ಟು ಸಪೂರ ಇರೋದಕ್ಕೆ ಬರೀ ಫ್ಯಾಷನ್ ಕಾರಣ ಅಲ್ಲ. ಯುದ್ಧದ ನಡುವೆ, 1942ರಲ್ಲಿ, ಅಮೆರಿಕ ಸರ್ಕಾರ ಎಲ್-85 ಅನ್ನೋ ಆದೇಶ ತಂದು ಹೆಂಗಸರ ಉಡುಪಿಗೆ ಎಷ್ಟು ಬಟ್ಟೆ ಹಾಕಬಹುದು ಅಂತ ಮಿತಿ ಹೇರಿತ್ತು. 1947ರಲ್ಲಿ ಪ್ಯಾರಿಸ್ಸಿನಲ್ಲಿ ವಸ್ತ್ರ ವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ಮೀಟರುಗಟ್ಟಲೆ ಬಟ್ಟೆ ಸುರಿದು ಸ್ಕರ್ಟ್ ತೋರಿಸಿದಾಗ ಜನ ಬೆರಗಾಗಿದ್ದು, ಕೆಲವರು ಸಿಟ್ಟಾಗಿದ್ದು ಎರಡೂ ಇದಕ್ಕೇ. ನನಗೆ ಡಿಯೋರ್‌ಗಿಂತ ಆ ಕಂಜೂಸು ಜಾಕೆಟ್ಟೇ ಇಷ್ಟ. ಬಟ್ಟೆಯೂ ಕಡಿಮೆ ಸಾಕು ನೋಡಿ.

ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸಲು ಇಟ್ಟುಕೊಳ್ಳುವ ಕಾಗದದ ನಕ್ಷೆ, ಪಿಡಿಎಫ್ ರೂಪದಲ್ಲಿ ಕೊಂಡದ್ದು. ಮನೆ ಪ್ರಿಂಟರಿನಲ್ಲಿ ಎ4 ಹಾಳೆ ತೆಗೆದು ಅಂಟಿಸುತ್ತಾ ಕೂರುವ ತಾಳ್ಮೆ ನನಗಿಲ್ಲ. ಕಟ್ಟಡದ ನಕ್ಷೆ ಪ್ರಿಂಟ್ ಮಾಡಿಕೊಡುವ ಅಂಗಡಿಯಲ್ಲಿ ಎ0 ಹಾಳೆಯಲ್ಲಿ ತೆಗೆಸಿದೆ. "ಎಷ್ಟು ಅಂತಸ್ತಿನ ಮನೆ ಮೇಡಂ?" ಅಂದರು. ಹಾಗೆ ತೆಗೆಸುವವರಿಗೆ ಒಂದು ಮಾತು: ಮೂಲೆಯಲ್ಲಿ ಅಳತೆಗೆ ಅಂತ ಒಂದು ಚೌಕ ಕೊಟ್ಟಿರುತ್ತಾರೆ. ಹಣ ಕೊಡುವ ಮೊದಲು ಅಲ್ಲೇ ಸ್ಕೇಲ್ ಇಟ್ಟು ನೋಡಿ. 'ಫಿಟ್ ಟು ಪೇಜ್' ಒತ್ತಿದರೆ ಜಾಕೆಟ್ ಪೂರ್ತಿ ಒಂದು ಸೈಜ್ ಕುಗ್ಗಿಬಿಡಬಹುದು.

ಇನ್ನು ಅಳತೆ. ಅಮೆರಿಕನ್ ಪ್ಯಾಟರ್ನುಗಳ ಸೈಜ್ 14 ಅಂದರೆ ಈಗ ಎದೆ ಸುತ್ತಳತೆ 36 ಇಂಚು. 1940ರ ದಶಕದ ಪ್ಯಾಟರ್ನ್ ಲಕೋಟೆಯಲ್ಲಿ ಅದೇ 14 ಅಂದರೆ 32 ಇಂಚು. ಹಳೇ ಅಸಲಿ ಪ್ಯಾಟರ್ನ್ ಕೊಳ್ಳುವವರು ಸೈಜ್ ಬಿಟ್ಟು ಇಂಚು ಓದಬೇಕು. ನನ್ನದು ಹೊಸ ಪ್ಯಾಟರ್ನ್, ಅದರ ಕಾಟ ಬೇರೆ. ನನ್ನ ಎದೆ 37, ಕಂಕುಳ ಕೆಳಗಿಂದ ಮೇಲ್ಭಾಗ ಸುತ್ತಿದರೆ 34ರ ಹತ್ತಿರ. ಪಟ್ಟಿ ಹಿಡಿದು ಹೋದರೆ 16 ಕತ್ತರಿಸಬೇಕು. ಆದರೆ ಹಾಳೆಯ ಮೇಲೆ, ಎದೆಯ ಗುರುತಿನ ಪಕ್ಕ, ಹೊಲಿದು ಮುಗಿದಾಗ ಎಷ್ಟಿರುತ್ತದೆ ಅಂತಲೂ ಅಚ್ಚು ಹಾಕಿರುತ್ತಾರೆ. 16ಕ್ಕೆ 42 ಮುಕ್ಕಾಲು ಇಂಚು. ಅಂದರೆ ಸುಮಾರು ಆರು ಇಂಚು ಸಡಿಲ! ಇದು ಪ್ಯಾಟರ್ನಿನ ಮುಖಚಿತ್ರದ ಜಾಕೆಟ್ ಅಲ್ವೇ ಅಲ್ಲ, ಅದರ ದೊಡ್ಡಕ್ಕ.

ಬ್ಲೌಸ್ ಹೊಲಿದು ಕೈ ಪಳಗಿದವರಿಗೆ ಇದು ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ನಾವು ಬ್ಲೌಸಿಗೆ ಸಡಿಲ ಬಿಡುವುದೇ ಇಲ್ಲ ಅನ್ನುವಷ್ಟು ಕಡಿಮೆ. ಹೊರಗೆ ಬಿಗಿ, ಒಳಗೆ ಮುಂದೆ ಬಿಚ್ಚಿಕೊಳ್ಳಲು ಬಟ್ಟೆ. ಈ ಪ್ಯಾಟರ್ನುಗಳದ್ದು ತಿರುಗಾಮುರುಗಾ: ಹೊರಗೆ ಸಡಿಲ, ಒಳಗೆ ಬರೀ 5/8 ಇಂಚು ಮಾರ್ಜಿನ್. ಹಾಗಾಗಿ ಮೇಲ್ಭಾಗದ 34ಕ್ಕೆ ಹೊಂದಿ, ಭುಜ ಮತ್ತು ಕತ್ತು ಕೂರುವ 12 ತೆಗೆದುಕೊಂಡೆ. ಪ್ರಿನ್ಸೆಸ್ ಕಟ್ಟಿನ ಪಕ್ಕದ ತುಂಡನ್ನು ಎದೆಯ ಎತ್ತರದಲ್ಲಿ ಸೀಳಿ ಒಂದೊಂದು ಕಡೆ ಮುಕ್ಕಾಲು ಇಂಚು ಅಗಲಿಸಿದೆ. ಹಾಗೆ ಸೊಂಟಕ್ಕೂ ಸೇರಿಕೊಂಡಿದ್ದನ್ನು ಅಲ್ಲಿ ಹಿಡಿದು ತೆಗೆದೆ. ಈಗ ಮುಗಿದ ಅಳತೆ ಸುಮಾರು 40 ಬರುತ್ತದೆ. ಒಳಗೆ ಒಂದು ತೆಳು ಸ್ವೆಟರ್ ಹಿಡಿಸುತ್ತದೆ, ಸಾಕು.

ಕಂಕುಳನ್ನೂ ಅರ್ಧ ಇಂಚು ಮೇಲಕ್ಕೆ ತಂದಿದ್ದೇನೆ, ಅದಕ್ಕೆ ಸರಿಯಾಗಿ ತೋಳಿನ ಕೆಳಭಾಗವನ್ನೂ. ಕಂಕುಳು ಕೆಳಗಿಳಿದಷ್ಟೂ ಆರಾಮ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಕೆಳಗಿದ್ದರೆ ಕೈ ಎತ್ತಿದಾಗ ಇಡೀ ಜಾಕೆಟ್ ಮೇಲೆ ಬರುತ್ತದೆ. ಮಾಂಜರಪಾಟಿನಲ್ಲಿ ಹೊಲಿದು ನೋಡಿದೆ. ಬಸ್ಸಿನ ಕಂಬಿ ಹಿಡಿಯುವ ಹಾಗೆ ಕೈ ಎತ್ತಿದರೂ ಸೊಂಟ ಅಲ್ಲಾಡಲಿಲ್ಲ.

ಬಟ್ಟೆ ಚಿಕ್ಕಪೇಟೆಯದು, ಕಡು ಹಸಿರು ಉಣ್ಣೆ, 58 ಇಂಚು ಪನ್ನ. ಅರ್ಧ ಬೆಲೆಗೆ ಪಾಲಿಯೆಸ್ಟರ್ ಸೂಟಿಂಗ್ ಇತ್ತು. ಆದರೆ ಈ ಕೆಲಸ ಮಾಡುವುದು ಸೂಜಿಗಿಂತ ಇಸ್ತ್ರಿ. ಉಣ್ಣೆ ಹಬೆಗೆ ಬಗ್ಗುತ್ತದೆ, ಕುಗ್ಗುತ್ತದೆ, ಹೇಳಿದ ಹಾಗೆ ಕೇಳುತ್ತದೆ. ಪಾಲಿಯೆಸ್ಟರ್ ಕೇಳುವುದಿಲ್ಲ. ಕತ್ತರಿಸುವ ಮುಂಚೆ ಬಟ್ಟೆಯನ್ನು ಬೀದಿಯ ಇಸ್ತ್ರಿಯವರ ಹತ್ತಿರ ಒಯ್ದು, ಒದ್ದೆ ಪಂಚೆ ಹಾಸಿ ಒತ್ತಿಸಿಕೊಂಡೆ. ಇದ್ದಿಲ ಪೆಟ್ಟಿಗೆಯ ಭಾರಕ್ಕೆ ನನ್ನ ಹಬೆ ಇಸ್ತ್ರಿ ಯಾವ ಲೆಕ್ಕ! ಕುಗ್ಗುವಷ್ಟು ಈಗಲೇ ಕುಗ್ಗಿತು. ಮನೆಯಲ್ಲಿ ಎದೆಯ ಬಾಗು ಒತ್ತಲು ಮರದ ಹೊಟ್ಟು ತುಂಬಿದ ಗಟ್ಟಿ ದಿಂಬು, ತೋಳಿಗೆ ಟವೆಲ್ ಸುತ್ತಿದ ಲಟ್ಟಣಿಗೆ.

ಎದೆ ಭಾಗಕ್ಕೆ ಕ್ಯಾನ್ವಾಸ್ ಹಾಕಿ ಕೈಯಲ್ಲೇ ಹೊಲಿದೆ. ಅದರ ಬಗ್ಗೆ ಜಾಸ್ತಿ ಹೇಳೋದಿಲ್ಲ, ಬೇಜಾರಿನ ಕೆಲಸ.

ಖುಷಿ ಕೊಟ್ಟಿದ್ದು ಕಾಜಾ. ಕಾಜಾ ಅಂಗಡಿಗೆ ಕೊಟ್ಟರೆ ಮಷೀನಿನಲ್ಲಿ ನಿಮಿಷದಲ್ಲಿ ಆಗುತ್ತದೆ, ಆದರೆ ಅದು ಗಂಡಸರ ಬ್ಲೇಜರ್ ಥರ ಕಾಣುತ್ತದೆ. ಆ ಕಾಲದ ಹೆಂಗಸರ ಜಾಕೆಟ್ಟಿಗೆ ಬಟ್ಟೆಯಲ್ಲೇ ಕಟ್ಟಿದ ಕಾಜಾ ಇರುತ್ತಿತ್ತು. ಒಳಪಟ್ಟಿ ಜೋಡಿಸುವ ಮುಂಚೆಯೇ ಮಾಡಬೇಕು, ಆಮೇಲೆ ಆಗದು. ಗುಂಡಿ ಒಂದು ಇಂಚಿನದು, ಅದರ ದಪ್ಪಕ್ಕೂ ಸೇರಿಸಿ ಕಾಜಾ ಒಂದೂಕಾಲು ಇಂಚಿನ ಒಳಗೆ. ಗುರುತಿನ ಹಿಂದೆ ಪೇಸ್ಟಿಂಗ್ (ಇಸ್ತ್ರಿ ಬಿಸಿಗೆ ಅಂಟುವ ಬಟ್ಟೆ) ಚೂರು ಒತ್ತಿದೆ, ಇಲ್ಲದಿದ್ದರೆ ಉಣ್ಣೆ ಎಳೆ ಬಿಡುತ್ತದೆ. ಮೇಲುಮುಖಕ್ಕೆ ಒಂದು ತುಂಡು ಬಟ್ಟೆ ಇಟ್ಟು, ಕಾಲು ಇಂಚು ಅಗಲದ ಉದ್ದ ಚೌಕ ಹೊಲಿದೆ, ಟಾಕ ತೀರಾ ಚಿಕ್ಕದಾಗಿಟ್ಟು. ನಡುವೆ ಸೀಳಿ, ಕೊನೆಗಳಲ್ಲಿ ಓರೆಯಾಗಿ ನಾಲ್ಕು ಮೂಲೆಗೆ ಕತ್ತರಿ. ಹೊಲಿಗೆಗೆ ಒಂದು ನೂಲು ಉಳಿಯುವಷ್ಟು ಹತ್ತಿರ ಹೋಗಬೇಕು. ಅಲ್ಲಿ ಅಂಜಿದರೆ ಮೂಲೆ ಸುಕ್ಕುಗಟ್ಟುತ್ತದೆ, ಧೈರ್ಯ ಮಾಡಿದರೆ ಎಳೆ ಬಿಚ್ಚುತ್ತದೆ. ತುಂಡನ್ನು ಸೀಳಿನಿಂದ ಹಿಂದಕ್ಕೆ ಎಳೆದು, ಎರಡೂ ಕಡೆ ಸಣ್ಣಗೆ ಮಡಿಸಿ, ತುಟಿಗಳು ಒಂದಕ್ಕೊಂದು ತಾಗುವ ಹಾಗೆ ಕಚ್ಚಾ ಹೊಲಿಗೆ ಹಾಕಿ ಇಸ್ತ್ರಿ. ಕೊನೆಗೆ ಪಕ್ಕದ ಪುಟ್ಟ ತ್ರಿಕೋನಗಳನ್ನು ಹೊಲಿದು ಬಿಗಿ ಮಾಡುವುದು. ನಾಲ್ಕೂ ಆದ ಮೇಲೆ ಬರೀ ಮುಂಭಾಗವನ್ನು ಹೆಗಲ ಮೇಲೆ ಹಾಕಿಕೊಂಡು ಮನೆಯೆಲ್ಲ ಓಡಾಡಿದೆ.

ಈಗ ತೋಳು. ತೋಳಿನ ಮೇಲ್ಭಾಗ, ಅದು ಕೂರಬೇಕಾದ ಸುತ್ತಿಗಿಂತ ಒಂದೂವರೆ ಇಂಚು ದೊಡ್ಡದಿದೆ. ಇದು ಹೀಗೇ ಇರಬೇಕು. ಎರಡು ಸಾಲು ಉದ್ದ ಹೊಲಿಗೆ ಹಾಕಿ ಮೆಲ್ಲಗೆ ಎಳೆದು, ದಿಂಬಿನ ಮೇಲಿಟ್ಟು ಹಬೆ ಕೊಟ್ಟರೆ ಆ ಹೆಚ್ಚಳ ಕುಗ್ಗಿ ಮಾಯವಾಗುತ್ತದೆ, ನೆರಿಗೆ ಕಾಣಬಾರದು. ಬಲತೋಳು ಕೂತಿದೆ. ಎಡದ್ದು ಕಚ್ಚಾ ಹೊಲಿಗೆಯಲ್ಲಿದೆ, ಮುಂದಕ್ಕೆ ಇನ್ನೊಂಚೂರು ತಿರುಗಿಸಬೇಕು.

ಲೈನಿಂಗಿಗೆ ಅಮ್ಮನ ಹಳೇ ಮೈಸೂರು ಕ್ರೇಪ್ ಸೀರೆ ಕೇಳಿದ್ದೆ. "ಮುಟ್ಟಿದ್ರೆ ನೋಡು" ಅಂದರು. ಹಾಗಾಗಿ ವಿಸ್ಕೋಸ್ ತಂದಿದ್ದೇನೆ, ಪಾಲಿಯೆಸ್ಟರಿಗಿಂತ ಬೆವರು ಕಡಿಮೆ. ಬೆನ್ನಿನ ನಡುವೆ ಒಂದು ಇಂಚು ಮಡಿಕೆ ಬಿಟ್ಟು ಕತ್ತರಿಸುತ್ತೇನೆ, ಕೈ ಮುಂದಕ್ಕೆ ಚಾಚಿದಾಗ ಹರಿಯಬಾರದಲ್ಲ. ಭುಜದ ಪ್ಯಾಡ್ ಅಂಗಡಿಯದು ಗುಬುಟಾಗಿ ಕಾಣುತ್ತದೆ, ಹತ್ತಿಯ ಪದರ ಜೋಡಿಸಿ ನಾನೇ ಮಾಡಬೇಕು. ಗುಂಡಿಗಳಿಗೆ ಇದೇ ಉಣ್ಣೆಯ ಚೂರು ಎತ್ತಿಟ್ಟಿದ್ದೇನೆ. ಬಟ್ಟೆ ಗುಂಡಿ ಮಾಡಿಕೊಡುವವರಿಗೆ ಈ ದಪ್ಪ ಅಚ್ಚಿಗೆ ಹಿಡಿಯುತ್ತದೋ ಇಲ್ಲವೋ, ಈ ಶನಿವಾರ ಕೇಳಿ ಬರುತ್ತೇನೆ.