ಎಂಟು ಬೋಲ್ಟಿನ ವಾಚು

ಪೀಣ್ಯದ ಒಂದು ಟೂಲ್‌ರೂಮಿನಲ್ಲಿ ನನ್ನ ಕೆಲಸ. ದಿನವಿಡೀ ಪ್ಲಾಸ್ಟಿಕ್ ಮೋಲ್ಡ್‌ಗಳು. ಶಿಫ್ಟ್ ಮುಗಿದ ಮೇಲೆ ಉಳಿದ ತುಂಡಿನಲ್ಲಿ ಏನಾದರೂ ಮಾಡಿಕೊಂಡರೆ ಓನರ್ ಬೇಡ ಅನ್ನುವುದಿಲ್ಲ. ಹಾಗೆ ಒಂದು 316ಎಲ್ ಸ್ಟೀಲ್ ರಾಡ್ ತುಂಡಿನಿಂದ ಕೈಗಡಿಯಾರ ಮಾಡಲು ಕೂತೆ.

ಮಾದರಿ, ಓಡೆಮಾರ್ ಪಿಗೆ ಕಂಪನಿಯ ರಾಯಲ್ ಓಕ್. ಜೆರಾಲ್ಡ್ ಜೆಂಟಾ ಬಿಡಿಸಿದ ವಿನ್ಯಾಸ, 1972ರಲ್ಲಿ ಮಾರುಕಟ್ಟೆಗೆ ಬಂತು. ಗಾಜಿನ ಸುತ್ತ ಎಂಟು ಮೂಲೆಯ ಚೌಕಟ್ಟು, ಅಂದರೆ ಬೆಝೆಲ್. ಅದರ ಮೇಲೆ ಆರು ಮೂಲೆಯ ಬೋಲ್ಟ್ ತಲೆಗಳು ಎಂಟು, ಪ್ರತಿ ತಲೆಯ ಮೇಲೂ ಒಂದು ಗೀಟು. ಅಸಲಿ ಬೇಕೆಂದರೆ ಸೈಟು ಮಾರಬೇಕು. ಡಯಲ್ ಮೇಲೆ ಅವರ ಹೆಸರನ್ನು ಮಾತ್ರ ಹಾಕಲಿಲ್ಲ. ಹಾಕಿದರೆ ನಕಲಿ ಮಾಲು, ಖಾಲಿ ಬಿಟ್ಟರೆ ನನ್ನ ಕೆಲಸ.

ನಮ್ಮ ಫೋರ್‌ಮನ್ ಎಚ್‌ಎಂಟಿಯ ವಾಚ್ ಫ್ಯಾಕ್ಟರಿಯಲ್ಲಿ ಪಳಗಿದವರು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆಗೂಡಿ ಬೆಂಗಳೂರಿನಲ್ಲಿ ಶುರುವಾಯಿತಲ್ಲ, ಅದೇ. ಫೋಟೋ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಎಂಟರ ಗೀಟೂ ಒಂದೇ ಸುತ್ತಿನಲ್ಲಿ ನಿಂತಿದೆ. ಸ್ಕ್ರೂ ಟೈಟ್ ಮಾಡಿದ್ರೆ ಒಂದೊಂದು ಒಂದೊಂದು ಕಡೆ ನಿಲ್ಲಬೇಕಲ್ವಾ ಮಗ?"

ಅವು ತಿರುಗುವುದೇ ಇಲ್ಲ. ಆರು ಮೂಲೆಯ ತಲೆ ಬೆಝೆಲ್‌ನ ಆರು ಮೂಲೆಯ ಗುಂಡಿಯಲ್ಲಿ ಕೂರುತ್ತದೆ. ಬೋಲ್ಟು ಕೇಸಿನ, ಅಂದರೆ ವಾಚಿನ ಲೋಹದ ಒಡಲಿನ, ಮೂಲಕ ಹಾದು ಹಿಂದೆ ಬರುತ್ತದೆ, ಬಿಗಿ ಮಾಡುವುದು ಅಲ್ಲಿಂದ. ಬೆಝೆಲ್, ನಡುವಿನ ಸೀಲು (ಗ್ಯಾಸ್ಕೆಟ್), ಕೇಸು ಎಲ್ಲವನ್ನೂ ಅದುಮಿ ಹಿಡಿದು ನೀರು ತಡೆಯುವುದು ಈ ಎಂಟೇ. ಶೋಕಿಗೆ ಇಟ್ಟಿದ್ದಾರೆ ಅಂದುಕೊಳ್ಳುವವರೇ ಜಾಸ್ತಿ. ಬೆಝೆಲ್‌ಗೆ ಎಂಟು ಸ್ಕ್ರೂ ತಲೆ ಸುಮ್ನೆ ಅಂಟಿಸಿದ ಅಗ್ಗದ ವಾಚುಗಳನ್ನು ಅದಕ್ಕೇ ನೋಡಲು ಆಗುವುದಿಲ್ಲ.

ಗುಂಡಿ ಕೊರೆಯುವುದು ನಮ್ಮಂಥವರಿಗೆ ಸುಲಭ. ಎಂಡ್‌ಮಿಲ್ ಅನ್ನುವ ಕೊರೆಯುವ ಕಟರ್ ದುಂಡಗೆ ತಿರುಗುವುದರಿಂದ ಒಳಮೂಲೆ ಚೂಪಾಗಿ ಬರುವುದಿಲ್ಲ. ಮೋಲ್ಡ್‌ನಲ್ಲಿ ಇಂಥ ಮೂಲೆ ಬಂದರೆ ಏನು ಮಾಡುತ್ತೇವೋ ಅದನ್ನೇ ಮಾಡಿದೆ: ಗುಂಡಿಯ ಆಕಾರದ ತಾಮ್ರದ ಎಲೆಕ್ಟ್ರೋಡ್ ಮಾಡಿ, ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಮೆಷಿನ್, ನಮ್ಮ ಭಾಷೆಯಲ್ಲಿ ಸ್ಪಾರ್ಕ್‌ಗೆ ಹಾಕಿದೆ. ಕಿಡಿ ಹಾರುವ ಸಂದು (ಸ್ಪಾರ್ಕ್ ಗ್ಯಾಪ್) ಬಿಟ್ಟು ಎಲೆಕ್ಟ್ರೋಡ್ ಸ್ವಲ್ಪ ಚಿಕ್ಕದಿರಬೇಕು, ಅಷ್ಟೇ. ಬೋಲ್ಟಿಗೆ ಹಿಂದೆ ನಟ್ ಬರುವುದರಿಂದ ಇನ್ನೊಂದು ಲಾಭ: 316ಎಲ್‌ನಲ್ಲಿ ಸಣ್ಣ ಟ್ಯಾಪ್ ಹಾಕಿ ತೂತಿನೊಳಗೆ ಥ್ರೆಡ್ ಕೊರೆಯುವ ಕಷ್ಟವಿಲ್ಲ. ಕತ್ತರಿಸುವ ಬದಲು ಉಜ್ಜಿದಿರೋ, ಈ ಸ್ಟೀಲ್ ಅಲ್ಲೇ ಗಟ್ಟಿಯಾಗಿ ಟ್ಯಾಪನ್ನು ಮುರಿದು ಹಾಕುತ್ತದೆ.

ತಲೆನೋವಾದದ್ದು ದಪ್ಪ. ಮೊದಲ ರಾಯಲ್ ಓಕ್‌ನ ಒಳಗಿನ ಯಂತ್ರ ಬರೀ 3.05 ಮಿ.ಮೀ. ದಪ್ಪ. ನನ್ನ ಕೈಗೆಟುಕಿದ ಸೈಕೋ ಎನ್‌ಎಚ್35 ಯಂತ್ರ 5.32 ಮಿ.ಮೀ. ಅದೇ ಆಕಾರ ಇಟ್ಟು ಎತ್ತರ ಮಾತ್ರ ಏರಿಸಿದರೆ ವಾಚು ಬೆಲ್ಲದ ಅಚ್ಚಿನ ಹಾಗೆ ಕಾಣುತ್ತದೆ. ಆದ್ದರಿಂದ ಡ್ರಾಯಿಂಗನ್ನು ಬೆಝೆಲ್‌ನಿಂದ ಶುರು ಮಾಡಲಿಲ್ಲ. ಕೀ ಕೊಡುವ ಕಡ್ಡಿಯ ನಡುಗೆರೆ ಮೊದಲು ಎಳೆದೆ. ಆ ಕಡ್ಡಿ ಯಂತ್ರದಿಂದ ಯಾವ ಎತ್ತರದಲ್ಲಿ ಹೊರಬರುತ್ತದೆ ಅನ್ನುವುದನ್ನು ನಾವು ಬದಲಿಸಲು ಆಗದು. ಡಯಲ್ ಕೂರುವ ಮುಖ, ಮುಳ್ಳುಗಳಿಗೆ ಜಾಗ, ಗಾಜು, ಎಲ್ಲವನ್ನೂ ಆ ಗೆರೆಯಿಂದಲೇ ಅಳೆದೆ. ಉಳಿದ ದಪ್ಪವನ್ನು ಕೆಳಗೆ ತಳ್ಳಿ, ಕೇಸಿನ ಅಡಿಯನ್ನು ಓರೆಯಾಗಿ ಒಳಕ್ಕೆ ಕತ್ತರಿಸಿದೆ. ಕೈಗೆ ಕಟ್ಟಿದಾಗ ಕಾಣುವುದು ಮೇಲಿನ ತೆಳು ಪಟ್ಟಿ ಮಾತ್ರ.

ಹಿಂದಿನ ಮುಚ್ಚಳವನ್ನು ಬೇರೆಯಾಗಿ ಮಾಡಿದೆ. ಮೊದಲ ರಾಯಲ್ ಓಕ್ ಕೇಸು ಹಿಂದೆ ತೆರೆಯುವುದಿಲ್ಲ, ಯಂತ್ರ ಮುಂದಿನಿಂದ ಇಳಿಯುತ್ತದೆ. ಎನ್‌ಎಚ್35ರಲ್ಲಿ ಕಡ್ಡಿ ಬಿಡಿಸುವ ಒತ್ತುಗುಂಡಿ ಹಿಂಬದಿಯಲ್ಲಿದೆ. ಹಿಂಬದಿ ಮುಚ್ಚಿಬಿಟ್ಟರೆ ಆಮೇಲೆ ಯಂತ್ರ ಹೊರಗೆ ತೆಗೆಯುವುದು ಹೇಗೆ?

ಮೆಷಿನ್ ಕೆಲಸಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಫಿನಿಶಿಂಗ್. ಈ ವಾಚಿನ ಅಂದವೆಲ್ಲ ಒಂದು ಗೆರೆಯಲ್ಲಿದೆ: ಮೇಲ್ಮುಖ ಗೀರುಗೀರಾಗಿ ಮಬ್ಬು, ಪಕ್ಕದ ಓರೆ ಅಂಚು ಕನ್ನಡಿ, ಎರಡೂ ಸೇರುವ ಕಡೆ ಕೂದಲೆಳೆಯ ಗೆರೆ. ಬಟ್ಟೆಯ ಬಫ್‌ಗೆ ಹಿಡಿದರೆ ಆ ಗೆರೆ ಕರಗಿ ದುಂಡಗಾಗುತ್ತದೆ. "ಓರೆ ಮೊದಲು, ಮಟ್ಟ ಆಮೇಲೆ," ಎಂದರು ಫೋರ್‌ಮನ್. ಗಟ್ಟಿ ಮರದ ತುಂಡಿಗೆ ಡೈಮಂಡ್ ಪೇಸ್ಟ್ ಹಚ್ಚಿ ಓರೆಯನ್ನು ಹೊಳೆಯಿಸಿದೆ. ಆಮೇಲೆ ದಪ್ಪ ಗಾಜಿಗೆ ಎಮರಿ ಹಾಳೆ ಅಂಟಿಸಿ, ಬೆಝೆಲ್ ಬೋರಲು ಹಾಕಿ, ಒಂದೇ ದಿಕ್ಕಿಗೆ ಎಳೆದೆ. ವಾಪಸ್ ತಳ್ಳುವ ಹಾಗಿಲ್ಲ. ಎತ್ತಿ ಮತ್ತೆ ಎಳೆಯಬೇಕು. ಗಾಜು ಬಗ್ಗುವುದಿಲ್ಲವಾದ್ದರಿಂದ ಪ್ರತಿ ಎಳೆತಕ್ಕೂ ಅಂಚು ಇನ್ನಷ್ಟು ಚೂಪಾಗುತ್ತದೆ. ಟ್ಯೂಬ್‌ಲೈಟ್ ಕೆಳಗೆ ಓರೆ ಮಾಡಿ ಹಿಡಿದರೆ ಕನ್ನಡಿ ಪಟ್ಟಿ ಎಲ್ಲಿ ಅಗಲ, ಎಲ್ಲಿ ಸಣ್ಣ ಅಂತ ಗೊತ್ತಾಗುತ್ತಿತ್ತು. ಕ್ಯಾಲಿಪರ್ ಅದನ್ನು ಹೇಳುವುದಿಲ್ಲ.

ಈಗ ಮೋಲ್ಡ್ ಪಾಲಿಶ್‌ಗೂ ನಾನು ಅದೇ ಗಾಜು ಬಳಸುತ್ತೇನೆ, ಮೋಲ್ಡಿನ ಎರಡು ಭಾಗ ಸೇರುವ ಗೆರೆ (ಪಾರ್ಟಿಂಗ್ ಲೈನ್) ಹತ್ತಿರ ಬಫ್ ತರುವುದೇ ಇಲ್ಲ.

ವಾಚು ದಿನಕ್ಕೆ ಸ್ವಲ್ಪ ಮುಂದೆ ಓಡುತ್ತದೆ. ಎನ್‌ಎಚ್35ಗೆ ತಯಾರಕರೇ ದಿನಕ್ಕೆ 20 ಸೆಕೆಂಡ್ ಹಿಂದೆ, 40 ಸೆಕೆಂಡ್ ಮುಂದೆ ಅಂತ ಮಿತಿ ಕೊಟ್ಟಿದ್ದಾರೆ, ಅದರೊಳಗೇ ಇದೆ. ಸರಿ ಮಾಡಬೇಕೆಂದರೆ ಹಿಂದಿನ ಮುಚ್ಚಳ ತೆಗೆಯಲು ಎಂಟೂ ನಟ್ ಬಿಚ್ಚಬೇಕು. ಸದ್ಯಕ್ಕೆ ಓಡಲಿ ಬಿಡಿ.